ತಟ್ಟೆ ಹಿಡಿಯದ ಮಗು



ನಾನು ಗುಬ್ಬಿ ತಾಲ್ಲೂಕು ಸಿ.ಎಸ್. ಪುರ ಹೋಬಳಿಯವನು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು. ಈವತ್ತು ನಿಮ್ಮ ಹತ್ತಿರ ಊಟದ ವಿಷಯ ಮಾತಾಡೋಣ ಅಂತ ಬಂದಿದ್ದೇನೆ. ಊಟ ಇದ್ದೂ ಉಣ್ಣದ ಮಕ್ಕಳ ವಿಷಯ. ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಸಿಬಿಡುತ್ತೇನೆ.

ನಾನು ಕೆಲಸ ಮಾಡಿದ ಒಂದು ಶಾಲೆ, ಹೆಸರು ಬೇಡ. ಆಷಾಢದ ಒಂದು ಮಧ್ಯಾಹ್ನ ಬಿಸಿಯೂಟದ ಅಡುಗೆಯಮ್ಮ ಸೌಟು ಕೈಯಲ್ಲೇ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. “ಸಾ, ಒಂಬತ್ತನೇ ಕ್ಲಾಸಿನ ಆ ಹುಡ್ಗಿ ಹದಿನೈದು ದಿವ್ಸದಿಂದ ಸರಿಯಾಗಿ ತಟ್ಟೆನೇ ಹಿಡೀತಿಲ್ಲ. ಹಿಡಿದ್ರೂ ಒಂದು ಸೌಟು ಹಾಕಿಸ್ಕಂಡು, ಕಲಸಿ ಕಲಸಿ ಪಕ್ಕದೋಳ ತಟ್ಟೆಗೆ ಸುರೀತಾಳೆ” ಅಂದರು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆ, “ಮನೇಲಿ ತಿಂದು ಬರ್ತಾಳೇನೋ ಬಿಡಮ್ಮ” ಅಂದೆ. ಅವರು ಸ್ವಲ್ಪ ಹೊತ್ತು ನಿಂತು ಹೋದರು.

ಶ್ರಾವಣ ಬಂತು. ಅವಳ ಗೆಳತಿಯರು, “ಅವಳು ಸೋಮವಾರ, ಶುಕ್ರವಾರ, ಶನಿವಾರ ಮೂರೂ ದಿನ ಉಪವಾಸ ಸಾರ್” ಅಂದರು. ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತಿದ್ದಾಳಂತೆ ಅಂತ ಒಬ್ಬಳು ಸೇರಿಸಿದಳು. ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಭಕ್ತಿ ಅಂತ ನಾವೇ ಮೆಚ್ಚಿಕೊಂಡೆವು. ದಸರೆಯ ಹೊತ್ತಿಗೆ ಪಿ.ಟಿ. ಮೇಷ್ಟ್ರು, “ಈ ಹುಡುಗಿ ಪ್ರಾರ್ಥನೆಗೆ ಮುಂಚೆ ಮೈದಾನ ಸುತ್ತೋಕೆ ಶುರು ಮಾಡಿದ್ರೆ ನಿಲ್ಲೋದೇ ಇಲ್ಲ” ಅಂದರು. ಕಾರ್ತಿಕದಲ್ಲಿ ನಡುಹಗಲಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲೇ ಕುಸಿದಳು. ಗ್ಲೂಕೋಸ್ ಕಲಸಿ ಕುಡಿಸಿದೆವು. ನಾನು, “ತಿಂಡಿ ತಿನ್ನದೆ ಬರಬಾರದು” ಎಂದು ಎಲ್ಲ ಮಕ್ಕಳೆದುರು ಹತ್ತು ನಿಮಿಷ ಉಪದೇಶ ಮಾಡಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು.

ಅವಳ ತಾಯಿಯೇನೂ ಸುಮ್ಮನೆ ಕೂತಿರಲಿಲ್ಲ. ದೃಷ್ಟಿ ತೆಗೆಸಿದ್ದರು, ತಾಯತ ಕಟ್ಟಿಸಿದ್ದರು, ಗ್ಯಾಸ್ಟ್ರಿಕ್ಕಿಗೆ ಮಾತ್ರೆ, ಹಸಿವಾಗಲಿ ಅಂತ ಟಾನಿಕ್ಕು ಕೊಡಿಸಿದ್ದರು. ಮಗಳಿಗೆ ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ ಎಂಬುದನ್ನು ಮಾತ್ರ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಶಿವರಾತ್ರಿ ಹೊತ್ತಿಗೆ, ಮಕ್ಕಳ ತಪಾಸಣೆಗೆ ಶಾಲೆಗೆ ಬಂದಿದ್ದ ವೈದ್ಯರ ತಂಡದ ಡಾಕ್ಟರಮ್ಮ ಅವಳ ನಾಡಿ ಹಿಡಿದು ನೋಡಿ ಗಾಬರಿಯಾದರು. ಆ ದಿನವೇ ತುಮಕೂರಿಗೆ ಚೀಟಿ ಬರೆದುಕೊಟ್ಟರು.

ಆಷಾಢದಿಂದ ಶಿವರಾತ್ರಿಗೆ ಎಂಟು ತಿಂಗಳು. ಅಡುಗೆಯಮ್ಮ ಕಂಡಿದ್ದು ತಟ್ಟೆ. ಗೆಳತಿಯರು ಕಂಡಿದ್ದು ಉಪವಾಸ. ಪಿ.ಟಿ. ಮೇಷ್ಟ್ರು ಕಂಡಿದ್ದು ಓಟ. ತಾಯಿ ಕಂಡಿದ್ದು ನಿಂತುಹೋದ ಮುಟ್ಟು. ನಾನು ಕಂಡಿದ್ದು ನೂರಕ್ಕೆ ತೊಂಬತ್ತೆರಡು ಅಂಕ. ಎಲ್ಲರೂ ಒಂದೊಂದು ಚೂರು ಕಂಡೆವು, ಅವನ್ನು ಸೇರಿಸಿ ನೋಡಿದವರು ಯಾರೂ ಇಲ್ಲ. ಮೊದಲು ಕಂಡು ಬಾಯಿಬಿಟ್ಟು ಹೇಳಿದ್ದು ಅಡುಗೆಯಮ್ಮ. ಅವರ ಮಾತನ್ನು ಅಲ್ಲೇ ನಿಲ್ಲಿಸಿದವನು ನಾನು.

ಈ ಕಾಯಿಲೆಗೆ ಡಾಕ್ಟರುಗಳು ಈಟಿಂಗ್ ಡಿಸಾರ್ಡರ್ ಅನ್ನುತ್ತಾರೆ. ನಾನು ಸದ್ಯಕ್ಕೆ ಊಟದ ಕಾಯಿಲೆ ಅನ್ನುತ್ತೇನೆ. ಅದರಲ್ಲಿ ಮೂರು ಮುಖ್ಯ ಬಗೆ. ತೂಕ ಏರೀತೆಂಬ ಭಯದಲ್ಲಿ ಊಟವನ್ನೇ ಬಿಡುತ್ತಾ, ಎಲುಬು ಕಂಡರೂ ತಾನು ದಪ್ಪ ಎಂದೇ ನಂಬುವುದು ಅನೊರೆಕ್ಸಿಯಾ. ಗಬಗಬನೆ ತಿಂದು, ತಿಂದದ್ದಕ್ಕೆ ಹೇಸಿ, ಬಚ್ಚಲಿಗೆ ಹೋಗಿ ತಾನೇ ವಾಂತಿ ಮಾಡಿಕೊಳ್ಳುವುದು ಅಥವಾ ಭೇದಿ ಮಾತ್ರೆ ನುಂಗುವುದು ಬುಲಿಮಿಯಾ. ವಾಂತಿ ಇಲ್ಲದೆ, ಹಸಿವೂ ಇಲ್ಲದೆ, ಗುಟ್ಟಾಗಿ ಮಿತಿಮೀರಿ ತಿಂದು ಕೊರಗುವುದು ಮೂರನೆಯದು. ಹಾಗಾಗಿ ತೆಳ್ಳಗಿರುವವರಿಗೆ ಮಾತ್ರ ಇದು ಬರುತ್ತದೆ ಅನ್ನುವ ಹಾಗಿಲ್ಲ. ನೋಡಲು ಮೈಕೈ ತುಂಬಿಕೊಂಡಿರುವ ಮಗುವೂ ಒಳಗೊಳಗೇ ನರಳುತ್ತಿರಬಹುದು.

ನಮ್ಮಲ್ಲಿ ಒಂದು ಗಾದೆ ಇದೆ: ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಉಣ್ಣುವುದು ನಮ್ಮ ಮನಸ್ಸಿಗೆ ಬಂದಂತೆ, ಉಡುವುದು ನಾಲ್ಕು ಜನ ಮೆಚ್ಚುವಂತೆ. ಈ ಕಾಯಿಲೆಯಲ್ಲಿ ಗಾದೆ ತಿರುವುಮುರುವಾಗುತ್ತದೆ. ನಾಲ್ಕು ಜನರ ನೋಟ ಬಂದು ತಟ್ಟೆಯ ಮುಂದೆಯೇ ಕೂತುಬಿಡುತ್ತದೆ. ಆಮೇಲೆ ಊಟ ತನ್ನಿಚ್ಛೆಯದಲ್ಲ, ಪರರಿಚ್ಛೆಯದೂ ಅಲ್ಲ, ಕಾಯಿಲೆಯ ಇಚ್ಛೆಯದು.

ಇದು ಪಟ್ಟಣದವರ ಸೋಗು, ಟಿ.ವಿ. ನೋಡಿ ಕಲಿತ ಹೊಸ ಚಾಳಿ ಅಂತ ನಾನೂ ತಿಳಿದಿದ್ದೆ. ಹೊಸದೇನಲ್ಲ. 1873ರಲ್ಲೇ ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಶಾರ್ಲ್ ಲಸೇಗ್ ಎಂಬ ವೈದ್ಯರು ಊಟ ಬಿಟ್ಟ ಹುಡುಗಿಯರ ಬಗ್ಗೆ ಬೇರೆ ಬೇರೆಯಾಗಿ ಬರೆದಿದ್ದರು. ಆಗ ಟಿ.ವಿ.ಯೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಆದರೆ ನೋಟದ ಪಾಲೂ ಇಲ್ಲದಿಲ್ಲ. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ತುಂಬಿದ ಮೈಯೇ ಚೆಲುವು ಅನ್ನಿಸಿಕೊಳ್ಳುತ್ತಿತ್ತು. ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು. ಹಾರ್ವರ್ಡಿನ ಆ್ಯನ್ ಬೆಕರ್ ಆ ವರ್ಷ ಶಾಲಾ ಹುಡುಗಿಯರನ್ನು ವಿಚಾರಿಸಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ ಹನ್ನೊಂದು ಮಂದಿ ಹೌದು ಎಂದರು. ಮೂರೇ ವರ್ಷ. ನಮ್ಮ ಮಕ್ಕಳ ಕೈಗೆ ಕೊರೋನಾ ಕಾಲದ ಆನ್‌ಲೈನ್ ಪಾಠದ ನೆಪದಲ್ಲಿ ಮೊಬೈಲ್ ಬಂದು ಅದಕ್ಕಿಂತ ಹೆಚ್ಚು ವರ್ಷವಾಯಿತು. ಅದರಲ್ಲಿ ಮುಖವನ್ನು ಸಣ್ಣ ಮಾಡಿ ತೋರಿಸುವ ಫಿಲ್ಟರೂ ಇದೆ.

ಹತ್ತಿರದ ಮಾತೇ ಹೇಳುತ್ತೇನೆ. ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು 2012ರಲ್ಲಿ ಒಂದು ವರದಿ ಪ್ರಕಟಿಸಿದರು. ಉತ್ತರ ಕೊಟ್ಟ ಮನೋವೈದ್ಯರಲ್ಲಿ ಮೂರರಲ್ಲಿ ಎರಡು ಪಾಲು ಜನ ಇಂಥ ರೋಗಿಯನ್ನು ಒಮ್ಮೆಯಾದರೂ ಕಂಡಿದ್ದರು. 2018ರಲ್ಲಿ ಮೈಸೂರಿನ ವಿದ್ಯಾರ್ಥಿಗಳ ಅಧ್ಯಯನವೊಂದು ಹೊರಬಂತು. 15ರಿಂದ 25 ವಯಸ್ಸಿನ 1,600 ಮಂದಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತಾರು ಮಂದಿಗೆ ಊಟದ ಬಗೆಗಿನ ಧೋರಣೆ ಹದ ತಪ್ಪಿದ ಸೂಚನೆ ಕಂಡಿತ್ತು. ಅಷ್ಟೂ ಜನಕ್ಕೆ ಕಾಯಿಲೆ ಇದೆ ಎಂದರ್ಥವಲ್ಲ. ಕೂರಿಸಿಕೊಂಡು ವಿಚಾರಿಸಬೇಕಾದವರು ಅಷ್ಟಿದ್ದಾರೆ ಎಂದರ್ಥ.

ಇಲ್ಲಿ ಒಂದು ಎಚ್ಚರವೂ ಬೇಕು. 1980ರ ದಶಕದಲ್ಲಿ ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಇಂಗ್ಲೆಂಡಿನ ಸಂಶೋಧಕರು ಇಂಥದೇ ಪ್ರಶ್ನಾವಳಿ ಕೊಟ್ಟಾಗ ರೋಗದ ಸೂಚನೆ ಲೆಕ್ಕಕ್ಕಿಂತ ಹೆಚ್ಚಾಗಿ ಬಂತು. ಕೆದಕಿ ನೋಡಿದರೆ ಮಕ್ಕಳು ಪ್ರಶ್ನೆಗಳನ್ನು ತಮ್ಮ ಮನೆಯ ಆಚಾರದಂತೆ, ವ್ರತ ಉಪವಾಸದಂತೆ ಅರ್ಥಮಾಡಿಕೊಂಡಿದ್ದರು. ಅಂದರೆ ಉಪವಾಸವೆಲ್ಲ ಕಾಯಿಲೆಯಲ್ಲ. ಆದರೆ ನಮ್ಮ ಶಾಲೆಯಲ್ಲಿ ಆದದ್ದು ಅದರ ಉಲ್ಟಾ: ಕಾಯಿಲೆಯೇ ವ್ರತದ ಸೀರೆ ಉಟ್ಟು ಬಂದಿತ್ತು. ಎರಡನ್ನೂ ಬೇರೆ ಮಾಡುವುದು ಹೇಗೆ? ವ್ರತದವರು ಮಾರನೆಯ ದಿನ ಪಾರಣೆಗೆ ಕೂತು ಸಂತೋಷವಾಗಿ ಉಣ್ಣುತ್ತಾರೆ. ಈ ಮಗುವಿಗೆ ಪಾರಣೆಯ ದಿನವೇ ಬರುವುದಿಲ್ಲ.

ನಮ್ಮ ಸೀಮೆಯಲ್ಲಿ ಇದು ಕಣ್ಣಿಗೆ ಬೀಳದಿರುವುದಕ್ಕೆ ಇನ್ನೊಂದು ಕಾರಣವಿದೆ. ನಾವು ಅನ್ನವನ್ನು ದೇವರೆಂದವರು. ಧಾತು–ಈಶ್ವರ ಸಂವತ್ಸರದ ಬರ, ಅಂದರೆ 1876–78ರ ಬರಗಾಲದ ಹೆಸರನ್ನು ನನ್ನ ಅಜ್ಜಿ ತಾನು ಕಂಡವಳಂತೆ ಹೇಳುತ್ತಿದ್ದಳು. ಎಡೆಯೂರಿಗೆ ಹೋದರೂ ದಾಸೋಹ, ಸಿದ್ಧಗಂಗೆಗೆ ಹೋದರೂ ದಾಸೋಹ. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ, ಅವರದೇ ಇಚ್ಛೆಯಂತೆ, ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ಸುದ್ದಿ ಪ್ರಕಟಿಸಿದರು. ಮಕ್ಕಳ ಊಟಕ್ಕೆ ಅಷ್ಟು ಬೆಲೆ ಕೊಟ್ಟ ನೆಲ ಇದು. ಶಾಲೆಯ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮಾರನೆಯ ವರ್ಷ ನಮ್ಮ ಕಡೆಗೂ ಬಂತು. 2013ರಲ್ಲಿ ಹಾಲು ಬಂತು. ಆಮೇಲೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ ಬಂದವು. ಅನ್ನ ಇಲ್ಲದ ಹಸಿವು ನಮಗೆ ಚೆನ್ನಾಗಿ ಗೊತ್ತು. ಅನ್ನದ ಮುಂದೆ ಕೂತು ನಡುಗುವ ಹಸಿವು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾವು ಕೊಬ್ಬು, ಮೊಂಡು, ದೃಷ್ಟಿ, ಗ್ಯಾಸ್ಟ್ರಿಕ್ಕು ಅಂತ ಕೈಗೆ ಸಿಕ್ಕಿದ ಹೆಸರಿಡುತ್ತೇವೆ.

ಹಸಿವು ಮೈಯನ್ನಷ್ಟೇ ತಿನ್ನುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರನ್ನು, ಅವರೇ ಒಪ್ಪಿ ಬಂದ ಮೇಲೆ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಆ ಯುವಕರಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನವಾಯಿತು. ಅಡುಗೆ ಪುಸ್ತಕ ಓದತೊಡಗಿದರು, ತುತ್ತನ್ನು ಗಂಟೆಗಟ್ಟಲೆ ಎಳೆದರು, ನಗು ಮರೆತರು, ಒಂಟಿಯಾದರು. ಅವರಿಗೆ ಮೊದಲು ಯಾವ ಮನೋರೋಗವೂ ಇರಲಿಲ್ಲ. ಆದ್ದರಿಂದ ಊಟ ಬಿಟ್ಟ ಮಗು ಸಿಡಿಮಿಡಿ ಮಾಡಿದರೆ, ತಾನು ತಿನ್ನದೆ ತಮ್ಮನಿಗೆ ಒತ್ತಾಯ ಮಾಡಿ ಬಡಿಸಿದರೆ, ಅದು ಹುಟ್ಟುಗುಣವಲ್ಲ. ಬಹುಪಾಲು ಹಸಿವೇ ಆಡಿಸುತ್ತಿರುವ ಆಟ.

ಹಾಗಾದರೆ ಯಾರು ಏನನ್ನು ನೋಡಬೇಕು?

ಬಿಸಿಯೂಟದ ಅಕ್ಕಂದಿರೇ, ನೀವು ಸಾಲನ್ನು ನೋಡಿ. ಯಾವ ಮಗು ವಾರಗಟ್ಟಲೆ ಸಾಲಿಗೆ ಬರುತ್ತಿಲ್ಲ, ಯಾವ ಮಗು ಹಾಕಿಸಿಕೊಂಡು ಚೆಲ್ಲುತ್ತಿದೆ, ಯಾವ ಮಗು ಉಂಡ ತಕ್ಷಣ ಒಂಟಿಯಾಗಿ ಶೌಚಾಲಯದ ಕಡೆ ಓಡುತ್ತದೆ. ಮೇಷ್ಟ್ರುಗಳೇ, ಮೇಡಂಗಳೇ, ನೀವು ಸಡಿಲವಾದ ಯೂನಿಫಾರಂ, ಉದುರುವ ಕೂದಲು, ಸದಾ ಚಳಿ ಎನ್ನುವ ಮೈ, ಪದೇ ಪದೇ ಬರುವ ತಲೆಸುತ್ತು ನೋಡಿ. ಬೆರಳಿನ ಗೆಣ್ಣಿನ ಮೇಲೆ ಹಲ್ಲು ತಾಗಿದ ಗುರುತು, ಊದಿದ ಕೆನ್ನೆ, ಹುಳಿ ತಾಗಿ ಸವೆದ ಹಲ್ಲು ವಾಂತಿಯ ಸುಳಿವು. ಅಮ್ಮಂದಿರೇ, ಮುಟ್ಟು ನಿಂತರೆ ಮುಚ್ಚಿಡಬೇಡಿ. ಗಂಡುಮಕ್ಕಳನ್ನೂ ಮರೆಯಬೇಡಿ. ತೂಕದ ಮಿತಿ ಇರುವ ಪಂದ್ಯಕ್ಕೆ ಎರಡು ದಿನ ನೀರೂ ಕುಡಿಯದೆ ಇರುವ ಕಬಡ್ಡಿ ಹುಡುಗ, ಜಿಮ್ಮಿನ ಫೋಟೋ ನೋಡಿ ಅನ್ನ ಬಿಟ್ಟು ಪುಡಿ ಕಲಸಿ ಕುಡಿಯುವ ಹುಡುಗ ಕೂಡ ಇದೇ ದಾರಿಯ ಅಂಚಿನಲ್ಲಿದ್ದಾರೆ.

ನೋಡಿದ ಮೇಲೆ ಹೆಸರಿಡಲು ಹೋಗಬೇಡಿ. ಮಗು ಊಟ ಬಿಡಲು ನೂರು ಕಾರಣವಿರಬಹುದು. ಜಂತುಹುಳು, ರಕ್ತಹೀನತೆ, ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರಬಹುದು. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ ಅಂತ ಹುಡುಗಿ ನೀರು, ಊಟ ಎರಡನ್ನೂ ಬಿಟ್ಟಿರಬಹುದು. ಮನೆಯಲ್ಲಿ ಏನೋ ಆಗಬಾರದ್ದು ಆಗಿರಬಹುದು. ಯಾವುದೆಂದು ಹೇಳುವುದು ವೈದ್ಯರ ಕೆಲಸ. ಅಲ್ಲಿಯವರೆಗೆ ಮುಟ್ಟಿಸುವುದು ನಮ್ಮ ಕೆಲಸ.

ಮುಟ್ಟಿಸುವ ದಾರಿ ನಾನು ಅಂದುಕೊಂಡಷ್ಟು ದೂರದ್ದಲ್ಲ. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಅದರಂತೆ ಶಾಲೆಗೆ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಿರಬೇಕು. ನಿಮ್ಮ ಶಾಲೆಯಲ್ಲಿ ಆ ಇಬ್ಬರು ಯಾರು ಎಂದು ಅಡುಗೆಯವರಿಗೂ ಗೊತ್ತಿರಲಿ. ಅಡುಗೆಯವರ ಮಾತು ಅವರ ಕಿವಿಗೆ ಬೀಳಬೇಕು, ಅವರು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಬೇಕು. ಚೂರುಗಳು ಒಂದಾಗುವುದು ಆ ನೋಟ್‌ಬುಕ್ಕಿನಲ್ಲಿ. ಮಕ್ಕಳ ತಪಾಸಣೆಗೆ ಸರ್ಕಾರ ಕಳಿಸುವ ಆರ್‌ಬಿಎಸ್‌ಕೆ ವೈದ್ಯರ ತಂಡ ಬಂದಾಗ ಅದನ್ನು ಅವರ ಮುಂದಿಡಿ. ಅವರು ಬರುವುದು ಯಾವಾಗಲೋ. ಅಲ್ಲಿಯವರೆಗೆ ಕಾಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. ಅಲ್ಲಿ ಆಪ್ತ ಸಮಾಲೋಚಕರು ಕೂತು ಮಾತಾಡುತ್ತಾರೆ. ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಗುಬ್ಬಿಗೆ ಯಾವ ಮಂಗಳವಾರ, ಕುಣಿಗಲ್ಲಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿ ಶಾಲೆಯ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಅದಕ್ಕೂ ಮೇಲೆ ತುಮಕೂರಿನ ಜಿಲ್ಲಾ ಆಸ್ಪತ್ರೆ. ಅಲ್ಲಿಂದ ಎಪ್ಪತ್ತು ಕಿಲೋಮೀಟರಿಗೆ ಬೆಂಗಳೂರು, ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ.

ಬಸ್ಸು ಹತ್ತುವ ಮುಂಚೆ ಫೋನ್ ಇದೆ. ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬಹುದು, ತಾಯಿ ಮಾಡಬಹುದು, ದಿಕ್ಕು ತೋಚದ ಮೇಷ್ಟ್ರೂ ಮಾಡಬಹುದು. ಮನೆಯಲ್ಲೇ ಮಗುವಿಗೆ ಹಿಂಸೆಯಾಗುತ್ತಿದೆ ಅನ್ನಿಸಿದರೆ 1098.

ಮಗುವಿನ ಹತ್ತಿರ ಮಾತು ತೆಗೆಯುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. 1999ರಲ್ಲಿ ಇಂಗ್ಲೆಂಡಿನ ವೈದ್ಯರು ಐದು ಪ್ರಶ್ನೆಗಳ ಒಂದು ಸಣ್ಣ ಪಟ್ಟಿ ಮಾಡಿದರು. ಅದರ ಸಾರ ಇಷ್ಟು: ಹೊಟ್ಟೆ ಭಾರವಾಯಿತು ಅಂತ ನೀನೇ ವಾಂತಿ ಮಾಡಿಕೊಳ್ಳುತ್ತೀಯಾ? ಎಷ್ಟು ತಿನ್ನುತ್ತೀನೋ ಅದು ನನ್ನ ಕೈಲಿಲ್ಲ ಅನ್ನಿಸಿ ದಿಗಿಲಾಗುತ್ತಾ? ಮೂರು ತಿಂಗಳಲ್ಲಿ ಆರು ಕೆ.ಜಿ.ಗೂ ಹೆಚ್ಚು ಇಳಿದಿದ್ದೀಯಾ? ಎಲ್ಲರೂ ಸಣ್ಣ ಅಂದರೂ ನಾನು ದಪ್ಪ ಅನ್ನಿಸುತ್ತಾ? ದಿನವೆಲ್ಲ ಊಟದ ಯೋಚನೆಯೇ ನಿನ್ನನ್ನು ಆಳುತ್ತಿದೆಯಾ? ಎರಡಕ್ಕೆ ಹೌದು ಎಂದರೆ ವೈದ್ಯರಿಗೆ ತೋರಿಸಬೇಕು. ತರಗತಿಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಗಳಲ್ಲ ಇವು. ಹುಣಸೆಮರದ ಕೆಳಗೋ, ಲೈಬ್ರರಿಯ ಮೂಲೆಯಲ್ಲೋ, ಮಗು ನಂಬುವ ಒಬ್ಬರು ತಗ್ಗಿದ ದನಿಯಲ್ಲಿ ಕೇಳುವಂಥವು. ಅಲ್ಲಿ ಆಡಿದ ಮಾತು ಸ್ಟಾಫ್ ರೂಮಿನ ಟೀ ಜೊತೆಗೆ ಹಂಚುವಂಥದ್ದಲ್ಲ.

ಮಾಡಬಾರದ್ದು ಕೆಲವಿವೆ. ತೂಕ ನೋಡುವ ದಿನ ಒಬ್ಬೊಬ್ಬರ ತೂಕವನ್ನೂ ಕೂಗಿ ಹೇಳಿ ಬರೆಸುವ ರೂಢಿ ನಮ್ಮಲ್ಲಿದೆ, ನಾನೂ ಕೂಗಿದ್ದೇನೆ. ಅದನ್ನು ಬಿಡಿ. ಡುಮ್ಮಿ, ಗುಂಡ, ಕಡ್ಡಿ ಎಂಬ ಅಡ್ಡಹೆಸರನ್ನು ಮಕ್ಕಳಿಗಿಂತ ಮೊದಲು ದೊಡ್ಡವರು ಬಿಡಲಿ. ತಿನ್ನು ತಿನ್ನು ಎಂದು ಗದರಿಸುವುದರಿಂದಾಗಲಿ, ಊಟ ಮಾಡದಿದ್ದರೆ ನಾನು ಸಾಯುತ್ತೇನೆಂದು ತಾಯಿ ಅಳುವುದರಿಂದಾಗಲಿ ತುತ್ತು ಇಳಿಯುವುದಿಲ್ಲ. ತಿಂಗಳುಗಟ್ಟಲೆ ಹಸಿದ ದೇಹಕ್ಕೆ ಒಮ್ಮೆಲೇ ಮುದ್ದೆ, ತುಪ್ಪ, ಕೋಳಿಸಾರು ಎಂದು ತುಂಬಿಸಿದರೆ ರಕ್ತದ ಲವಣಾಂಶ ಏರುಪೇರಾಗಿ ಜೀವಕ್ಕೇ ಅಪಾಯ. ಎಷ್ಟು, ಹೇಗೆ ಹೆಚ್ಚಿಸಬೇಕೆಂದು ವೈದ್ಯರು ಹೇಳಬೇಕು. ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ತಾಳ ತಪ್ಪಬಹುದು. ಮನಸ್ಸಿನ ಕಾಯಿಲೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಹೆದರಿಸಲು ಹೇಳುತ್ತಿಲ್ಲ, ತಡ ಮಾಡಬಾರದು ಅಂತ ಹೇಳುತ್ತಿದ್ದೇನೆ.

ಗುಣವಾಗುತ್ತದೆಯೇ? ಆಗುತ್ತದೆ. ಬೇಗ ಹಿಡಿದಷ್ಟೂ ಚೆನ್ನಾಗಿ ಆಗುತ್ತದೆ. ಹರೆಯದ ಮಕ್ಕಳಿಗೆ ಚೆನ್ನಾಗಿ ಕೆಲಸ ಮಾಡಿರುವ ಒಂದು ಚಿಕಿತ್ಸೆ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡಿತು. ಅದರಲ್ಲಿ ಯಾರನ್ನೂ ದೂರುವುದಿಲ್ಲ. ಅಪ್ಪ ಅಮ್ಮನಿಗೇ ಕಲಿಸಿ, ಸ್ವಲ್ಪ ಕಾಲ ಮಗುವಿನ ಊಟದ ಹೊಣೆಯನ್ನು ಅವರ ಕೈಗೆ ಕೊಟ್ಟು, ಮಗು ಚೇತರಿಸಿಕೊಂಡ ಹಾಗೆ ಅದನ್ನು ಮಗುವಿಗೇ ಮರಳಿಸುತ್ತಾರೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಮನೆ ನಮ್ಮದಾಗಿದ್ದರೆ ಈ ಚಿಕಿತ್ಸೆಯ ಅರ್ಧ ಸಾಮಗ್ರಿ ಮನೆಯಲ್ಲೇ ಇದೆ.

ಆ ಹುಡುಗಿಯ ಮನೆಯಲ್ಲೂ ಹೀಗೇ ಆಯಿತು. ತುಮಕೂರು, ಬೆಂಗಳೂರು ಎರಡೂ ಕಡೆ ಓಡಾಡಿದರು. ಅವಳ ಅಪ್ಪ ಅಡಿಕೆ ಸುಲಿಯುವ ಕಾಲದಲ್ಲೂ ಕೆಲಸ ಬಿಟ್ಟು ಮೂರು ಹೊತ್ತೂ ಅವಳ ಪಕ್ಕದಲ್ಲಿ ತಟ್ಟೆ ಹಾಕಿಕೊಂಡು ಕೂರುತ್ತಿದ್ದರು. ನೆಟ್ಟಗಾಗಲು ಒಂದೂವರೆ ವರ್ಷ ಹಿಡಿಯಿತು, ನಡುವೆ ಎರಡು ಸಲ ಹಿಂದಕ್ಕೂ ಹೋದಳು. ಒಂದು ವರ್ಷ ತಡವಾಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಇದೆಲ್ಲ ಶುರುವಾಗುವ ಮುಂಚೆ ಒಂದು ಗೃಹಪ್ರವೇಶದಲ್ಲಿ ನೆಂಟರೊಬ್ಬರು, “ಇದೇನೇ ಹಿಂಗೆ ಊದಿದ್ದೀಯ, ನಿನ್ನ ಕಟ್ಕಳೋನ್ಯಾರೇ” ಅಂದಿದ್ದರಂತೆ. ಆ ಒಂದು ಮಾತಿನಿಂದಲೇ ಕಾಯಿಲೆ ಬಂತು ಅನ್ನಲಾಗದು; ಕಾರಣಗಳು ಹಲವು ಕೂಡಿ ಬರುತ್ತವೆ ಎಂದು ವೈದ್ಯರು ಹೇಳಿದರು. ಆದರೆ ಆ ಮಾತು ಅವಳಿಗೆ ಅಕ್ಷರಕ್ಷರ ನೆನಪಿತ್ತು.

ಆಮೇಲೆ ಒಂದು ದಿನ ನಾನು ಅಡುಗೆಮನೆಗೆ ಹೋಗಿ ಆ ಅಡುಗೆಯಮ್ಮನ ಹತ್ತಿರ, “ಆವತ್ತು ನೀವು ಹೇಳಿದಾಗ ನಾನು ಕೇಳಬೇಕಾಗಿತ್ತು” ಅಂದೆ. ಅವರು ಅಕ್ಕಿ ತೊಳೆಯುತ್ತಿದ್ದರು. “ನಾವು ಬಡಿಸೋರು ಸಾ. ನಮಗೆ ತಟ್ಟೆ ಕಾಣ್ತದೆ. ಹೇಳಿದ್ರೆ ಕೇಳೋರೊಬ್ರು ಬೇಕು” ಅಂದರು.

ಶಿಕ್ಷಕ ಮಿತ್ರರೇ, ನನ್ನ ಬೇಡಿಕೆ ಒಂದೇ. ನಾಳೆ ಮಧ್ಯಾಹ್ನ ಗಂಟೆ ಹೊಡೆದಾಗ ಸ್ಟಾಫ್ ರೂಮಿನಲ್ಲಿ ಕೂರಬೇಡಿ. ಸಾಲಿನ ಪಕ್ಕದಲ್ಲಿ ಹೋಗಿ ನಿಂತು, ಬಡಿಸುವವರನ್ನು ಕೇಳಿ: ಈ ವಾರ ತಟ್ಟೆ ಹಿಡಿಯದ ಮಗು ಯಾವುದು?